ಬೀಗದ ಕೈ, ಚೂರಿ ಮತ್ತು ಮಾಯೆ

ಮನೆಯ ಬಾಗಿಲಲ್ಲಿ ನಿಂತಾಗ ಬೀಗದ ಕೈ ಬೆರಳಿನಿಂದ ಜಾರಿ ಮೆಟ್ಟಲಿನ ಮೇಲೆ ಬೀಳುವುದು ಯಾರ ಬಾಳಿನಲ್ಲಿಯೂ ದೊಡ್ಡ ಘಟನೆಯಲ್ಲ. ಬಗ್ಗಿ ಎತ್ತಿಕೊಂಡು ಒಳಗೆ ಹೋದರೆ ಮುಗಿಯಿತು. ಆದರೆ 1943ರಲ್ಲಿ ಹಾಲಿವುಡ್ಡಿನ ಒಂದು ಮನೆಯಲ್ಲಿ ಗಂಡಹೆಂಡಿರಿಬ್ಬರು ಸೇರಿ ತೆಗೆದ ಒಂದು ಕಿರುಚಿತ್ರದಲ್ಲಿ ಈ ಬೀಗದ ಕೈ ಮೆಟ್ಟಲಿನಿಂದ ಮೆಟ್ಟಲಿಗೆ ಪುಟಿಯುತ್ತ, ಅವಸರವಿಲ್ಲದೆ ಕೆಳಗಿಳಿಯುತ್ತದೆ. ನೋಡುವವರ ಎದೆಯಲ್ಲಿ ಕಾರಣವೇ ಇಲ್ಲದೆ ಒಂದು ಅಳುಕು ಮೂಡುತ್ತದೆ.

ಆ ಚಿತ್ರದ ಹೆಸರು ‘ಮೆಷಸ್ ಆಫ್ ದಿ ಆಫ್ಟರ್‌ನೂನ್’. ಮಧ್ಯಾಹ್ನದ ಬಲೆಗಳು ಎನ್ನಬಹುದು. ಅದರ ನಾಯಿಕೆಯೂ ನಿರ್ಮಾತೃವೂ ಆದ ಮಾಯಾ ಡೆರೆನ್ 1917ರಲ್ಲಿ ಕೀವ್ ನಗರದ ಯಹೂದಿ ಮನೆತನವೊಂದರಲ್ಲಿ ಹುಟ್ಟಿದಳು. ತಂದೆ ಮನೋವೈದ್ಯ. 1922ರಲ್ಲಿ ಸಂಸಾರ ಅಮೆರಿಕಕ್ಕೆ ವಲಸೆ ಹೋಯಿತು. ಹುಟ್ಟುಹೆಸರು ಎಲಿಯನೋರಾ, ‘ಮಾಯಾ’ ಎಂಬುದು ಮುಂದೆ ಇಟ್ಟುಕೊಂಡ ಹೆಸರು. ಅಲ್ಲಮಪ್ರಭುವನ್ನು ಒಲಿಸಿಕೊಳ್ಳಹೊರಟ ಬನವಸೆಯ ಮಾಯೆಯ ಕಥೆಯನ್ನು ಚಾಮರಸನ ಕಾವ್ಯದಲ್ಲಿ ಓದಿದವರಿಗೆ ಈ ಹೆಸರಿನ ಔಚಿತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲದುದನ್ನು ಇದೆಯೆಂದು ತೋರಿಸುವ ಬೆಳಕಿನ ಕಲೆಗೆ ಇದಕ್ಕಿಂತ ತಕ್ಕ ಹೆಸರು ಯಾವುದಿದ್ದೀತು?

ಸಾಹಿತ್ಯದಲ್ಲಿ ಎಂ. ಎ. ಪದವಿ ಪಡೆದು, ನರ್ತಕಿ ಕ್ಯಾಥರಿನ್ ಡನ್‌ಹ್ಯಾಮ್ ಅವರ ತಂಡದಲ್ಲಿ ಕಾರ್ಯದರ್ಶಿಯಾಗಿ ಊರೂರು ಸುತ್ತಿದ ಈಕೆ 1942ರಲ್ಲಿ ಅಲೆಕ್ಸಾಂಡರ್ ಹ್ಯಾಮಿಡ್‌ನನ್ನು ಮದುವೆಯಾದಳು. ಆತ ಚೆಕ್ ದೇಶದಿಂದ ಬಂದ, ನುರಿತ ಛಾಯಾಗ್ರಾಹಕ. ತಂದೆ ತೀರಿಕೊಂಡಾಗ ಕೈಗೆ ಬಂದ ಹಣದಲ್ಲಿ ಡೆರೆನ್ ಕೊಂಡದ್ದು ಹದಿನಾರು ಮಿಲಿಮೀಟರಿನ ಒಂದು ಹಳೆಯ ಬೋಲೆಕ್ಸ್ ಕ್ಯಾಮರಾ. ಹಾಲಿವುಡ್ ತುಟಿಯ ಬಣ್ಣಕ್ಕೆ ಮಾಡುವ ಖರ್ಚಿನಲ್ಲಿ ತಾನು ಚಿತ್ರವನ್ನೇ ತೆಗೆಯುವೆನೆಂದು ಆಕೆ ಮುಂದೆ ಹೇಳಿದ್ದುಂಟು.

ಕಥೆ? ಹೇಳಹೊರಟರೆ ಕೈಯಲ್ಲಿ ನಿಲ್ಲದು. ಹೆಂಗಸೊಬ್ಬಳು ದಾರಿಯಲ್ಲಿ ಬಿದ್ದ ಹೂವನ್ನೆತ್ತಿಕೊಂಡು ಮನೆಗೆ ಬರುತ್ತಾಳೆ. ಒಳಗೆ ಯಾರೂ ಇಲ್ಲ. ರೊಟ್ಟಿಯಲ್ಲಿ ನೆಟ್ಟ ಚೂರಿ, ಕೆಳಗಿಟ್ಟ ಟೆಲಿಫೋನು, ಕೇಳುವವರಿಲ್ಲದೆ ತಿರುಗುತ್ತಿರುವ ಗ್ರಾಮಫೋನು. ಕಿಟಕಿಯ ಬಳಿ ಕುರ್ಚಿಯಲ್ಲಿ ಒರಗಿದವಳಿಗೆ ಜೊಂಪು ಹತ್ತುತ್ತದೆ. ಆಮೇಲೆ ಅದೇ ದಾರಿ, ಅದೇ ಬಾಗಿಲು, ಅದೇ ಹೆಂಗಸು, ಮತ್ತೆ ಮತ್ತೆ. ಕಪ್ಪು ನಿಲುವಂಗಿಯ ಒಂದು ಆಕೃತಿ ಮುಂದೆ ಮುಂದೆ ಹೋಗುತ್ತದೆ, ಓಡಿದರೂ ಎಟಕುವುದಿಲ್ಲ. ತಿರುಗಿ ನೋಡಿದರೆ ಮುಖವಿರಬೇಕಾದಲ್ಲಿ ಕನ್ನಡಿ! ಕೊನೆಗೆ ಮೇಜಿನ ಸುತ್ತ ಅದೇ ಹೆಂಗಸು ಮೂವರಾಗಿ ಕುಳಿತು ಸರದಿಯಂತೆ ಬೀಗದ ಕೈಯನ್ನು ಎತ್ತಿಕೊಳ್ಳುತ್ತಾರೆ. ಮೂರನೆಯವಳ ಅಂಗೈಯಲ್ಲಿ ಅದು ಚೂರಿಯಾಗುತ್ತದೆ.

ಇದರಲ್ಲಿ ದೆವ್ವಭೂತಗಳಿಲ್ಲ, ಭಯಂಕರವಾದ ಬಂಗಲೆಯಿಲ್ಲ. ಇರುವುದೆಲ್ಲ ದಿನನಿತ್ಯದ ಮನೆ. ಗೃಹಿಣಿಯ ಕೈ ಮುಟ್ಟಿ ಮುಟ್ಟಿ ಸವೆದ ಸಾಮಾನುಗಳೇ ಒಂದು ಮಧ್ಯಾಹ್ನ ಆಕೆಗೆ ಪರಕೀಯವಾಗುವ ಪರಿ ಇದು. ಕೆಲಸವೆಲ್ಲ ಮುಗಿದು, ಬರಬೇಕಾದವರು ಇನ್ನೂ ಬಾರದೆ, ಗಡಿಯಾರದ ಸದ್ದೊಂದೇ ಕೇಳುವ ಹೊತ್ತನ್ನು ಬಲ್ಲ ಹೆಣ್ಣುಮಕ್ಕಳಿಗೆ ಈ ಚಿತ್ರ ಪಂಡಿತರಿಗಿಂತ ಚೆನ್ನಾಗಿ ಅರ್ಥವಾದೀತು. ಕನಸಿನ ಶಾಸ್ತ್ರವನ್ನು ಹಿಡಿದುಕೊಂಡು ಹೂವಿಗೊಂದು, ಚೂರಿಗೊಂದು ಅರ್ಥ ಹಚ್ಚುವವರನ್ನು ಡೆರೆನ್ ಒಪ್ಪುತ್ತಿರಲಿಲ್ಲ, ಅದು ಸರಿಯೇ.

ಚಿತ್ರ ಯಾರದು ಎಂಬ ವಾದ ಇಂದಿಗೂ ಉಂಟು. ಕ್ಯಾಮರಾದ ಕುಶಲತೆ ಗಂಡನದು, ಆದ್ದರಿಂದ ಚಿತ್ರವೂ ಆತನದೇ ಎಂದವರಿದ್ದಾರೆ. ಹ್ಯಾಮಿಡ್‌ನ ಪಾಲು ದೊಡ್ಡದು, ಸಂದೇಹವಿಲ್ಲ. ಆದರೆ ಉತ್ತರ ಆಕೆಯ ಮುಂದಿನ ಚಿತ್ರಗಳಲ್ಲಿದೆ. ಮೊದಲ ಚಿತ್ರದಲ್ಲಿ ಚೂರಿ ಹಿಡಿದವಳು ಐದು ಹೆಜ್ಜೆ ಇಡುತ್ತಾಳೆ: ಒಂದು ಮರಳಿನ ಮೇಲೆ, ಒಂದು ಹುಲ್ಲಿನ ಮೇಲೆ, ಒಂದು ಮಣ್ಣಿನಲ್ಲಿ, ಒಂದು ಕಲ್ಲುಹಾಸಿನ ಮೇಲೆ, ಕೊನೆಯದು ಮನೆಯ ಜಮಖಾನೆಯ ಮೇಲೆ. ಕೆಲವೇ ಕ್ಷಣಗಳ ಈ ನಡಿಗೆಯನ್ನೇ ಡೆರೆನ್ ಬೀಜವಾಗಿ ಬಿತ್ತಿ ಬೆಳೆಸಿದಳು. 1944ರ ‘ಅಟ್ ಲ್ಯಾಂಡ್’ ಚಿತ್ರದಲ್ಲಿ ಅಲೆಗಳು ಹಿಂದಕ್ಕೆ ಸರಿದು ಆಕೆಯನ್ನು ದಡದಲ್ಲಿ ಬಿಡುತ್ತವೆ. ಒಣಮರದ ಬೇರುಗಳನ್ನು ಹಿಡಿದು ಏರಿದರೆ ತಲೆಯೆತ್ತುವುದು ಔತಣದ ಮೇಜಿನ ಮೇಲೆ! ಮೇಜಿನುದ್ದಕ್ಕೂ ತೆವಳಿದರೂ ಅತಿಥಿಗಳಲ್ಲಿ ಒಬ್ಬರಾದರೂ ಕಣ್ಣೆತ್ತಿ ನೋಡುವುದಿಲ್ಲ. 1945ರಲ್ಲಿ ನರ್ತಕ ಟ್ಯಾಲಿ ಬೀಟಿಯೊಡನೆ ತೆಗೆದ ಮೂರು ನಿಮಿಷದೊಳಗಿನ ಚಿತ್ರದಲ್ಲಿ ಕಾಡಿನ ನಡುವೆ ಎತ್ತಿದ ಕಾಲು ಮನೆಯ ಕೋಣೆಯೊಳಗೆ ಊರುತ್ತದೆ. ಎರಡು ತುಣುಕುಗಳನ್ನು ಕತ್ತರಿಸಿ ಜೋಡಿಸುವ ಆ ಸಂಧಿಯಲ್ಲಿಯೇ ಊರೂರುಗಳ ಅಂತರ ಕರಗಿಹೋಗುತ್ತದೆ. ನಾಟಕಕ್ಕೂ ಕಾದಂಬರಿಗೂ ಸಾಧ್ಯವಾಗದ ಕೆಲಸವೊಂದು ಚಲಚ್ಚಿತ್ರಕ್ಕೆ ಉಂಟೆಂಬುದನ್ನು ಇಷ್ಟು ಸರಳವಾಗಿ ತೋರಿಸಿದವರು ವಿರಳ.

ಇಂತಹ ಚಿತ್ರಗಳಿಗೆ ಚಿತ್ರಮಂದಿರ ಕೊಡುವವರು ಯಾರು? 1946ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಪ್ರಾವಿನ್ಸ್‌ಟೌನ್ ಪ್ಲೇಹೌಸ್ ಎಂಬ ಸಣ್ಣ ನಾಟಕಶಾಲೆಯನ್ನು ತಾನೇ ಬಾಡಿಗೆಗೆ ಹಿಡಿದು, ‘ತ್ಯಜಿಸಿದ ಮೂರು ಚಿತ್ರಗಳು’ ಎಂಬ ಹೆಸರಿನಲ್ಲಿ ಮೂರನ್ನೂ ತೋರಿಸಿದಳು. ಕಲಾಕೃತಿ ಎಂದೂ ಮುಗಿಯುವುದಿಲ್ಲ, ಕರ್ತೃ ಅದನ್ನು ಕೈಬಿಡುತ್ತಾನೆ, ಅಷ್ಟೆ ಎಂಬ ವಲೇರಿಯ ಮಾತು ಆ ಹೆಸರಿನ ಹಿಂದಿದೆ. ಅವಳ ಪ್ರದರ್ಶನಗಳಿಂದ ಸ್ಫೂರ್ತಿಗೊಂಡ ಏಮಸ್ ವೋಗೆಲ್ ಮರುವರ್ಷ ‘ಸಿನಿಮಾ 16’ ಎಂಬ ಪ್ರೇಕ್ಷಕರ ಸಂಘವನ್ನು ಕಟ್ಟಿದ. 1946ರಲ್ಲಿ ಗುಗ್ಗೆನ್‌ಹೈಮ್ ವೇತನವೂ 1947ರಲ್ಲಿ ಕಾನ್ ಉತ್ಸವದ ಪ್ರಶಸ್ತಿಯೂ ದೊರೆತವು. ಆ ಹೊತ್ತಿಗೆ ಹ್ಯಾಮಿಡ್‌ನೊಡನೆ ದಾಂಪತ್ಯ ಮುಗಿದಿತ್ತು. 1961ರಲ್ಲಿ, ನಾಲ್ವತ್ತನಾಲ್ಕರ ಪ್ರಾಯದಲ್ಲಿ, ಡೆರೆನ್ ತೀರಿಕೊಂಡಳು.

ಈಗ ದೊರೆಯುವ ಪ್ರತಿಗಳಲ್ಲಿ ಮೊದಲ ಚಿತ್ರಕ್ಕೆ ಸಂಗೀತವಿದೆ. ಆಕೆಯ ಕೊನೆಯ ಪತಿ, ಜಪಾನೀ ಮೂಲದ ಟೈಜಿ ಇಟೊ, 1959ರಲ್ಲಿ ಕೂಡಿಸಿದ್ದು. ಮದ್ದಲೆಯ ಪೆಟ್ಟುಗಳು ಪರಿಣಾಮಕಾರಿಯಾಗಿಯೇ ಇವೆ. ಆದರೆ 1943ರಲ್ಲಿ ಅದು ಮೂಕಚಿತ್ರವಾಗಿತ್ತು. ನೋಡುವ ಅವಕಾಶ ಬಂದವರು ಒಮ್ಮೆ ಧ್ವನಿಯನ್ನು ಪೂರ್ತಿ ತಗ್ಗಿಸಿ ನೋಡಬೇಕು. ಆಗ ಆ ಬೀಗದ ಕೈ ಮೆಟ್ಟಲಿಗೆ ತಾಗಿ ಪುಟಿದರೂ ಸದ್ದಾಗುವುದಿಲ್ಲ.