ಬನ ಇರುವ ಊರಿಗೆ ಹುಲ್ಲುಹಾಸೇ ಮಾದರಿಯೇ?

ಹೊಸ ಮನೆ, ಹೊಸ ಫ್ಲ್ಯಾಟ್, ಹೊಸ ಕಾಲೇಜು ಕಟ್ಟಡ ಎದ್ದಲ್ಲೆಲ್ಲ ನಮ್ಮೂರಲ್ಲಿ ಈಗ ಒಂದೇ ನೋಟ. ಅಂಗಳಕ್ಕೆ ಇಂಟರ್‌ಲಾಕ್, ಅಂಚಿಗೆ ಹುಲ್ಲುಹಾಸು, ಮೂಲೆಗೆ ನಾಲ್ಕು ಅಲಂಕಾರದ ಗಿಡ. ನೋಡಲು ಚೆಂದವೇ. ಆದರೆ ಅಲ್ಲಿ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ? ಚರಂಡಿಗೆ, ಅಲ್ಲಿಂದ ಕಡಲಿಗೆ.

ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುತ್ತದೆ. 100 ಚದರ ಮೀಟರ್ ಅಂಗಳಕ್ಕೆ ಬೀಳುವ ನೀರೇ ಸುಮಾರು 4 ಲಕ್ಷ ಲೀಟರ್. ಆದರೂ 2019ರ ಮೇ ತಿಂಗಳಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬರಿದಾಗಿ, ಉಡುಪಿ-ಮಣಿಪಾಲದ ಜನ ಟ್ಯಾಂಕರಿಗೆ ಕಾಯಬೇಕಾಯಿತು. ನಮಗೆ ಮಳೆಯ ಬರವಿಲ್ಲ, ಮಳೆಯನ್ನು ಹಿಡಿದಿಡುವ ನೆಲದ ಬರವಿದೆ.

ನೆಲವನ್ನು ಸಿಂಗರಿಸುವುದು ಬೇರೆ, ಅದಕ್ಕೆ ಜೀವ ಮರಳಿಸುವುದು ಬೇರೆ. ಎರಡನೆಯದರ ಪಾಠ ನಮ್ಮ ನಾಗಬನದಲ್ಲೇ ಇದೆ. ಬನದ ಮರಕ್ಕೆ ಹಿರಿಯರು ಕತ್ತಿ ತಾಗಿಸಲಿಲ್ಲ, ಉದುರಿದ ಎಲೆ ಗುಡಿಸಲಿಲ್ಲ. ಎಲೆ ಕೊಳೆತು ಮಣ್ಣಾಯಿತು, ಮಣ್ಣು ನೀರು ಕುಡಿಯಿತು. ಜಪಾನಿನ ಸಸ್ಯವಿಜ್ಞಾನಿ ಅಕಿರಾ ಮಿಯಾವಾಕಿ ಕೂಡ ಅಲ್ಲಿನ ದೇಗುಲಗಳ ಬನದಲ್ಲಿ ಉಳಿದಿದ್ದ ಸ್ಥಳೀಯ ಮರಗಳನ್ನು ನೋಡಿಯೇ ತಮ್ಮ ಕಾಡು ಬೆಳೆಸುವ ವಿಧಾನ ರೂಪಿಸಿದರು. ನಾವೀಗ ಮಿಯಾವಾಕಿ ಕಾಡಿನ ಬಗ್ಗೆ ಸೆಮಿನಾರ್ ಕೇಳುತ್ತೇವೆ. ಇತ್ತ ಎಷ್ಟೋ ಬನಗಳ ಮರ ಉರುಳಿ ಕಾಂಕ್ರೀಟ್ ಕಟ್ಟೆ ಏಳುತ್ತಿದೆ. ಇದು ಸರಿಯಲ್ಲ ಎಂದು ಹೇಳಲು ಭಕ್ತಿ ಅಡ್ಡ ಬರಬೇಕಿಲ್ಲ.

ಎಲ್ಲ ಕಡೆಗೂ ಒಂದೇ ನಕ್ಷೆ ಹೊಂದುವುದಿಲ್ಲ. ಮಣಿಪಾಲದ ಮುರಕಲ್ಲು ಗುಡ್ಡಕ್ಕೆ ಇಂಗುಗುಂಡಿ ಮತ್ತು ಕುಂಟಲ, ನೇರಳೆ. ಕಾಪುವಿನ ಮರಳಿಗೆ ಅದನ್ನು ಹಿಡಿದಿಡುವ ಅಡುಂಬು ಬಳ್ಳಿ. ಕಾರ್ಕಳಕ್ಕೆ ಆನೆಕೆರೆಯಂಥ ಕೆರೆಗಳು, ಅವುಗಳಿಗೆ ನೀರು ತರುವ ತೋಡುಗಳು. ನೆಲವನ್ನು ಕೇಳಿ ಗಿಡ ನೆಡಬೇಕು, ಕ್ಯಾಟಲಾಗ್ ನೋಡಿ ಅಲ್ಲ.

ನಮ್ಮ ತಲೆಮಾರಿಗೆ ಪ್ರಕೃತಿ ಎಂದರೆ ಭಾನುವಾರದ ಆಗುಂಬೆ ಟ್ರಿಪ್ ಮತ್ತು ನಾಲ್ಕು ರೀಲ್ಸ್. ಅದು ಹಾಸ್ಟೆಲಿನಿಂದ ಕ್ಲಾಸಿಗೆ ಹೋಗುವ ದಾರಿಯಲ್ಲೇ ಸಿಗಬೇಕು ಎಂಬುದು ನನ್ನ ಆಸೆ. ಇಲ್ಲಿ ಕೆಲಸವೂ ಇದೆ. ಇಂಗುಗುಂಡಿಯ ಲೆಕ್ಕ ಹಾಕಬಲ್ಲ ಸಿವಿಲ್ ಪದವೀಧರ, ಸುರಗಿ, ರೆಂಜೆಯ ಸಸಿ ಎಬ್ಬಿಸಬಲ್ಲ ಸಸ್ಯಶಾಸ್ತ್ರದ ವಿದ್ಯಾರ್ಥಿನಿ ಜೊತೆಯಾದರೆ ಬೆಂಗಳೂರಿನ ಬಸ್ಸು ಹತ್ತುವ ಮೊದಲು ಊರಲ್ಲೇ ಒಂದು ದಾರಿ ಹುಡುಕಬಹುದು.

ಅಲ್ಲಿಯವರೆಗೆ ಒಂದು ಸಣ್ಣ ಕೆಲಸ ಮಾಡೋಣ. ಈ ಮಳೆಗಾಲದಲ್ಲಿ ನಿಮ್ಮ ಕಾಲೇಜಿನ ಅಂಗಳದ ನೀರು ಎತ್ತ ಹರಿಯುತ್ತದೆ ಎಂದು ಕೊಡೆ ಹಿಡಿದು ನಿಂತು ನೋಡಿ. ಅದು ಗೇಟು ದಾಟುವ ಜಾಗದಲ್ಲಿ ಒಂದು ಇಂಗುಗುಂಡಿ, ನಾಲ್ಕು ಊರ ಗಿಡ ಬೇಕೆಂದು ಪ್ರಾಂಶುಪಾಲರಿಗೆ ಅರ್ಜಿ ಬರೆಯಿರಿ. ಮೊದಲ ಸಹಿ ನಿಮ್ಮದೇ ಇರಲಿ.