ದಿನಕ್ಕಿಷ್ಟು ಬೆಳಕು



ಈ ವಾರ ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ತಿಂಗಳಿಗೆ 300 ರೂಪಾಯಿ, ದಿನಕ್ಕೆ 10 ರೂಪಾಯಿ. ಇವೆರಡರಲ್ಲಿ ಯಾವುದು ಹೆಚ್ಚು? ‘ಎರಡೂ ಒಂದೇ’ ಎಂದು ನೀವು ಥಟ್ಟನೆ ಹೇಳುತ್ತೀರಿ. ಗಣಿತದ ಮೇಷ್ಟ್ರು ಪೂರ್ತಿ ಅಂಕವನ್ನೂ ಕೊಡುತ್ತಾರೆ. ಆದರೆ ಬೀದಿ ಬದಿಯಲ್ಲಿ ಸೊಪ್ಪು ತರಕಾರಿ ಮಾರುವವರಿಗೆ ಇವೆರಡೂ ಒಂದೇ ಅಲ್ಲ. ಸಂಜೆಯ ವ್ಯಾಪಾರದಲ್ಲಿ ಹತ್ತು ರೂಪಾಯಿ ಎತ್ತಿಡಬಹುದು. ತಿಂಗಳ ಕೊನೆಗೆ ಮುನ್ನೂರು ರೂಪಾಯಿ ಒಟ್ಟಿಗೆ ಕೊಡಿ ಎಂದರೆ ಎಲ್ಲಿಂದ ತರುವುದು?

ಬೆಂಗಳೂರಿನ ‘ಸೆಲ್ಕೊ’ ಎಂಬ ಸೌರದೀಪದ ಸಂಸ್ಥೆಯನ್ನು 1995ರಲ್ಲಿ ಕಟ್ಟಿದವರಲ್ಲಿ ಒಬ್ಬರಾದ ಹರೀಶ್ ಹಂದೆ ಅವರು ಈ ಪಾಠವನ್ನು ಬೀದಿ ವ್ಯಾಪಾರಿಗಳಿಂದಲೇ ಕಲಿತೆ ಎನ್ನುತ್ತಾರೆ. ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬಡವರ ಮನೆಗೆ ಬೆಳಕು ಬಾರದಿರುವುದಕ್ಕೆ ದೀಪದ ಬೆಲೆಯೊಂದೇ ಕಾರಣವಲ್ಲ, ದುಡ್ಡು ಕಟ್ಟುವ ರೀತಿಯೂ ಕಾರಣ ಎಂಬುದನ್ನು ಅವರು ಕಂಡುಕೊಂಡರು. ಗ್ರಾಮೀಣ ಬ್ಯಾಂಕುಗಳಿಂದ ಸಾಲ ಕೊಡಿಸಿ, ಕಂತನ್ನು ಅವರವರ ದುಡಿಮೆಗೆ ಹೊಂದುವಂತೆ ಮಾಡಿಸಿದರು. ಹೂ ಮಾರುವವರ ಕೈಗೆ ದಿನವೂ ಕಾಸು ಬರುತ್ತದೆ, ಭತ್ತ ಬೆಳೆಯುವವರಿಗೆ ಸುಗ್ಗಿಯಲ್ಲಿ. ಇಬ್ಬರಿಗೂ ಒಂದೇ ಬಗೆಯ ಕಂತು ಹೇಗಾದೀತು?

ಇದೇ ಲೆಕ್ಕ ದೂರದ ಆಫ್ರಿಕಾದಲ್ಲಿ ಮೊಬೈಲ್ ಫೋನಿನೊಳಗೆ ಹೊಕ್ಕ ಕತೆಯನ್ನು ಈಗ ಹೇಳುತ್ತೇನೆ.

ಆಫ್ರಿಕಾದ ಪೂರ್ವ ತೀರದಲ್ಲಿ ಕೀನ್ಯಾ ಎಂಬ ದೇಶವಿದೆ. ಅಲ್ಲಿ 2007ರಲ್ಲಿ ‘ಎಂ-ಪೆಸಾ’ ಶುರುವಾಯಿತು. ‘ಎಂ’ ಎಂದರೆ ಮೊಬೈಲ್. ‘ಪೆಸಾ’ ಎಂದರೆ ಸ್ವಾಹಿಲಿ ಭಾಷೆಯಲ್ಲಿ ಹಣ. ಕೇಳಿದ ಹಾಗಿದೆಯಲ್ಲ? ಹೌದು, ಅದು ನಮ್ಮ ಪೈಸೆಯ ನೆಂಟನೇ! ಹಿಂದೂ ಮಹಾಸಾಗರ ದಾಟಿ ವ್ಯಾಪಾರಕ್ಕೆ ಹೋದವರ ಜೊತೆ ಆ ಪದವೂ ಹಡಗು ಹತ್ತಿ ಹೋಯಿತು.

ಎಂ-ಪೆಸಾದಲ್ಲಿ ಸಾಧಾರಣ ಗುಂಡಿ ಫೋನಿನಿಂದಲೇ ಹಣ ಕಳಿಸಬಹುದು. ಬ್ಯಾಂಕ್ ಖಾತೆ ಬೇಕಿಲ್ಲ. ಇವತ್ತು ನಾವು ಎಳನೀರಿಗೂ ಫೋನಿನಲ್ಲೇ ದುಡ್ಡು ಕೊಡುತ್ತೇವೆ, ಅದರಲ್ಲೇನು ವಿಶೇಷ ಎನ್ನಬೇಡಿ. ಇದು ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ಇಂಥದ್ದು ಅಲ್ಲಿ ನಡೆಯುತ್ತದೋ ಇಲ್ಲವೋ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಬ್ರಿಟನ್ ಸರ್ಕಾರದ ಅಂತರರಾಷ್ಟ್ರೀಯ ಅಭಿವೃದ್ಧಿ ಇಲಾಖೆ ಇದನ್ನು ಪರೀಕ್ಷಿಸಿ ನೋಡಲೆಂದು ಸುಮಾರು 10 ಲಕ್ಷ ಪೌಂಡ್ ನೆರವು ಕೊಟ್ಟಿತು. ವೊಡಾಫೋನ್ ಕಂಪನಿಯೂ ಅಷ್ಟೇ ಹಣ ಹಾಕಿತು. ಹೊಸದನ್ನು ಮಾಡಿ ನೋಡಲು ಯಾರಾದರೂ ಮೊದಲು ಕೈಯಿಂದ ಹಾಕಬೇಕು, ಮಕ್ಕಳೇ. ಬೆಳೆ ಬಂದ ಮೇಲೆ ಬೀಜ ಕೊಳ್ಳುತ್ತೇನೆ ಎಂದರೆ ಆಗುತ್ತದೆಯೇ?

ಮೊದಲಿಗೆ ಅವರು ಅಂದುಕೊಂಡದ್ದು ಸಣ್ಣ ಸಾಲದ ಕಂತನ್ನು ಫೋನಿನಲ್ಲಿ ಕಟ್ಟಿಸಿಕೊಳ್ಳಬೇಕೆಂದು. ಜನ ಅದನ್ನು ಬೇರೆಯದಕ್ಕೇ ಬಳಸಿದರು. ಪೇಟೆಯಲ್ಲಿ ದುಡಿಯುವ ಮಗ ಹಳ್ಳಿಯ ಅವ್ವನಿಗೆ ಹಣ ಕಳಿಸತೊಡಗಿದ. ಹೀಗೆ ಹಳ್ಳಿ ಹಳ್ಳಿಗೂ ಫೋನಿನ ಹಣ ತಲುಪಿತು.

ಎಂ-ಪೆಸಾ ಕಟ್ಟಲು ದುಡಿದಿದ್ದ ನಿಕ್ ಹ್ಯೂಸ್ ಅವರು ಇಬ್ಬರು ಗೆಳೆಯರ ಜೊತೆ ಸೇರಿ ಮುಂದೆ ಇನ್ನೊಂದು ಕಂಪನಿ ತೆರೆದರು. ಹೆಸರು ‘ಎಂ-ಕೋಪಾ’. ‘ಕೋಪ’ ಎಂದೊಡನೆ ಹುಬ್ಬು ಗಂಟಿಕ್ಕಬೇಡಿ! ಸ್ವಾಹಿಲಿಯಲ್ಲಿ ‘ಕೋಪಾ’ ಎಂದರೆ ಸಾಲ ಪಡೆಯುವುದು. 2012ರ ಹೊತ್ತಿಗೆ ಅವರು ಸೌರದೀಪ ಮಾರತೊಡಗಿದರು. ಸೂರಿನ ಮೇಲೆ 8 ವ್ಯಾಟ್‌ನ ಪುಟ್ಟ ಫಲಕ, ಒಳಗೆ ಬ್ಯಾಟರಿಯ ಪೆಟ್ಟಿಗೆ, ಎರಡು ಮೂರು ಎಲ್‌ಇಡಿ ದೀಪ, ಫೋನಿಗೆ ಚಾರ್ಜ್ ಮಾಡುವ ತಂತಿ, ಒಂದು ರೇಡಿಯೊ. ಅಜ್ಜಿಯ ಕಾಲದ 60 ವ್ಯಾಟ್ ಬಲ್ಬಿಗೆ ಈ ಫಲಕದ ಕರೆಂಟು ಯಾತಕ್ಕೂ ಸಾಲದು. ಎಲ್‌ಇಡಿಗೆ ತೀರಾ ಕಡಿಮೆ ಸಾಕು. ಅದಕ್ಕೇ ಇಷ್ಟು ಚಿಕ್ಕ ಫಲಕದಲ್ಲಿ ಮನೆ ಬೆಳಗುತ್ತದೆ.

ಮೊದಲ ವರ್ಷಗಳಲ್ಲಿ ಮುಂಗಡವಾಗಿ 3,000 ಕೀನ್ಯಾ ಶಿಲಿಂಗಿನ ಒಳಗೆ, ಆಮೇಲೆ ದಿನಕ್ಕೆ 40–50 ಶಿಲಿಂಗ್, ಸುಮಾರು ಒಂದು ವರ್ಷ ಕಟ್ಟಬೇಕಿತ್ತು. ಅದು ತೀರಿದರೆ ದೀಪ ಪೂರ್ತಿ ಮನೆಯವರದ್ದೇ. ಅವರು ಸೀಮೆಎಣ್ಣೆಗೆ ಹೇಗೂ ದಿನವೂ ದುಡ್ಡು ಸುರಿಯುತ್ತಿದ್ದರು. ಅದೇ ದುಡ್ಡು ಈಗ ಬಿಸಿಲಿನ ದೀಪಕ್ಕೆ ತಿರುಗಿತು.

ಸೀಮೆಎಣ್ಣೆ ಎಂದಾಗ ನನ್ನ ಚಿಕ್ಕಂದಿನ ಲಾಟೀನು ನೆನಪಾಗುತ್ತದೆ. ಸಂಜೆಯಾದರೆ ಅದರ ಗಾಜನ್ನು ಒರೆಸುವ ಕೆಲಸ ಮಕ್ಕಳದ್ದೇ, ಏಕೆಂದರೆ ಗಾಜಿನೊಳಗೆ ಹೋಗುವಷ್ಟು ಚಿಕ್ಕ ಕೈ ಇದ್ದದ್ದು ನಮಗೆ ಮಾತ್ರ. ಹಳೇ ಬಟ್ಟೆಗೆ ಚೂರು ಬೂದಿ ಹಚ್ಚಿ ತಿಕ್ಕಿದರೂ ಮಾರನೆಯ ದಿನ ಮತ್ತೆ ಮಸಿ. ಬುಡ್ಡಿದೀಪದ ಮುಂದೆ ಓದಿ ಮಲಗಿದರೆ ಬೆಳಿಗ್ಗೆ ಮೂಗಿನೊಳಗೂ ಕಪ್ಪು. ಆ ಹೊಗೆ ಎದೆಗೂ ಕಣ್ಣಿಗೂ ಎಷ್ಟು ಕೆಟ್ಟದ್ದು ಎಂದು ಆಗ ನಮಗೆ ಹೇಳಿದವರಿಲ್ಲ.

ಸರಿ, ಕೀನ್ಯಾದ ಪೆಟ್ಟಿಗೆಗೆ ಮನೆಯವರು ದುಡ್ಡು ಕಟ್ಟಿದ್ದು ಹೇಗೆ ತಿಳಿಯುತ್ತದೆ? ಅದರೊಳಗೆ ಫೋನಿನಲ್ಲಿರುವಂಥದ್ದೇ ಒಂದು ಸಿಮ್ ಇದೆ. ಎಂ-ಪೆಸಾದಲ್ಲಿ ಹಣ ಕಟ್ಟಿದರೆ ಕಂಪನಿಯ ಕಂಪ್ಯೂಟರಿಗೆ ಸುದ್ದಿ ಹೋಗುತ್ತದೆ. ಅಲ್ಲಿಂದ ಪೆಟ್ಟಿಗೆಗೆ ಸಂದೇಶ ಬರುತ್ತದೆ, ದೀಪ ಹೊತ್ತುತ್ತದೆ. ಫೋನಿಗೆ ಕರೆನ್ಸಿ ಹಾಕಿಸಿದ ಹಾಗೆಯೇ ಇದು! ಹಣ ವಸೂಲಿಗೆ ಗುಡ್ಡ ಹತ್ತಿ ಯಾರೂ ಹೋಗಬೇಕಿಲ್ಲ. ಕಂತು ಸರಿಯಾಗಿ ಬರುತ್ತಿದೆ ಎಂಬ ದಾಖಲೆಯೂ ಕಂಪ್ಯೂಟರಿನಲ್ಲೇ ಇರುತ್ತದೆ. ಅದನ್ನು ನೋಡಿ ದೊಡ್ಡ ದೊಡ್ಡ ಹೂಡಿಕೆದಾರರು ಇಂಥ ಕಂಪನಿಗಳಿಗೆ ಧೈರ್ಯವಾಗಿ ಹಣ ಕೊಟ್ಟರು. ಬಡವರು ಸಾಲ ತೀರಿಸುವುದಿಲ್ಲ ಎನ್ನುತ್ತಿದ್ದವರು ತಮ್ಮ ಮಾತನ್ನು ಇನ್ನೊಮ್ಮೆ ಯೋಚಿಸಬೇಕಾಯಿತು. ಲಕ್ಷಾಂತರ ಮನೆಗಳಲ್ಲಿ ದೀಪ ಹತ್ತಿತು.

ಇಷ್ಟು ಹೇಳಿ ‘ಶುಭಂ’ ಎಂದು ಮುಗಿಸಿದರೆ ಅರ್ಧ ಕತೆ ಹೇಳಿದ ಹಾಗಾಗುತ್ತದೆ.

ದುಡ್ಡು ಬಂದರೆ ದೀಪ ಹೊತ್ತಿಸುವ ಪೆಟ್ಟಿಗೆಗೆ, ದುಡ್ಡು ಬರದಿದ್ದರೆ ಆರಿಸುವುದೂ ಗೊತ್ತು. ಮಳೆ ಕೈಕೊಟ್ಟ ವರ್ಷ, ಮನೆಯಲ್ಲಿ ಯಾರೋ ಕಾಯಿಲೆ ಬಿದ್ದ ವಾರ, ಅದಕ್ಕೆ ತಿಳಿಯುವುದಿಲ್ಲ. ನಾಳೆ ಮಗುವಿಗೆ ಪರೀಕ್ಷೆ ಇದೆ ಎಂಬುದೂ ತಿಳಿಯುವುದಿಲ್ಲ. ಸುಗ್ಗಿಯವರೆಗೆ ತಡೆದುಕೊಳ್ಳುತ್ತೇನೆ ಎನ್ನುವ ಬ್ಯಾಂಕ್ ಮ್ಯಾನೇಜರಿಗೂ, ಮಧ್ಯರಾತ್ರಿಗೆ ಸರಿಯಾಗಿ ಬೀಗ ಹಾಕುವ ಪೆಟ್ಟಿಗೆಗೂ ವ್ಯತ್ಯಾಸವಿದೆ. ಪೆಟ್ಟಿಗೆಯದೇನೂ ತಪ್ಪಿಲ್ಲ, ಪಾಪ. ಎಷ್ಟು ದಿನ ತಾಳ್ಮೆ ಇರಬೇಕೆಂದು ಅದಕ್ಕೆ ಹೇಳಿಕೊಡುವವರು ಮನುಷ್ಯರೇ. ಹಣ ಹಾಕಿದವರು ಅವಸರ ಮಾಡಿದರೆ ಪೆಟ್ಟಿಗೆಯೂ ಅವಸರ ಮಾಡುತ್ತದೆ.

ಇನ್ನೊಂದು ಮಾತು. ಎಂ-ಕೋಪಾ ಈಚಿನ ವರ್ಷಗಳಲ್ಲಿ ದೀಪಕ್ಕಿಂತ ಹೆಚ್ಚಾಗಿ ಸ್ಮಾರ್ಟ್‌ಫೋನುಗಳನ್ನು ಕಂತಿನ ಮೇಲೆ ಮಾರುತ್ತಿದೆ. ವ್ಯಾಪಾರ ಎಂದರೆ ಲಾಭ ಇದ್ದ ಕಡೆಗೆ ಹೋಗುವುದು ಸಹಜ. ಆದರೆ 2023ರ ಲೆಕ್ಕದಂತೆ ಜಗತ್ತಿನಲ್ಲಿ ಇನ್ನೂ ಸುಮಾರು 66 ಕೋಟಿ ಜನರಿಗೆ ವಿದ್ಯುತ್ ಇಲ್ಲ. ಅವರಲ್ಲಿ ಹೆಚ್ಚಿನವರು ಸಹಾರಾ ಮರುಭೂಮಿಯ ದಕ್ಷಿಣದ ಆಫ್ರಿಕಾದವರು. 2030ರೊಳಗೆ ಎಲ್ಲರಿಗೂ ಕರೆಂಟು ಎಂದು ವಿಶ್ವಸಂಸ್ಥೆ ಗುರಿ ಇಟ್ಟುಕೊಂಡಿದೆ. ಸುಲಭದ ಮನೆಗಳಿಗೆ ದೀಪ ತಲುಪಿಯಾಗಿದೆ. ಉಳಿದವರು ತೀರಾ ದೂರದವರು, ತೀರಾ ಬಡವರು. ದಿನಕ್ಕೆ ಹತ್ತು ರೂಪಾಯಿಯೂ ಎತ್ತಿಡಲಾಗದವರು ಅವರಲ್ಲಿದ್ದಾರೆ. ಅವರ ಮನೆಗೆ ಲಾಭದ ಲೆಕ್ಕದಿಂದ ಮಾತ್ರ ದೀಪ ಹೋಗಲಾರದು. ಅಲ್ಲಿಗೆ ಸರ್ಕಾರದ ದುಡ್ಡು, ದಾನದ ದುಡ್ಡು ಹೋಗಲೇಬೇಕು ಎಂದು ನನಗನ್ನಿಸುತ್ತದೆ. ಜೊತೆಗೆ ಒಂದು ದೀಪಕ್ಕೇ ನಿಲ್ಲದೆ, ಹಿಟ್ಟಿನ ಗಿರಣಿ, ನೀರಿನ ಪಂಪು, ಆಸ್ಪತ್ರೆಯ ಫ್ರಿಜ್ಜು ನಡೆಯುವಷ್ಟು ಕರೆಂಟೂ ಬೇಕು. 8 ವ್ಯಾಟ್‌ನ ಫಲಕ ಅಷ್ಟೆಲ್ಲ ಮಾಡಲಾರದು.

ಈ ವಾರ ನಿಮಗೆರಡು ಕೆಲಸ. ಮನೆಯ ಹಿರಿಯರ ಹತ್ತಿರ ಕೂತು, ಅವರ ಊರಿಗೆ ಕರೆಂಟು ಬಂದದ್ದು ಯಾವ ವರ್ಷ, ಅದಕ್ಕೆ ಮುಂಚೆ ದೀಪದ ಎಣ್ಣೆಗೆ ಎಷ್ಟು ಖರ್ಚಾಗುತ್ತಿತ್ತು ಎಂದು ಕೇಳಿ ಬರೆದುಕೊಳ್ಳಿ. ಎರಡನೆಯದು ಯೋಚಿಸುವ ಕೆಲಸ. ಪೆಟ್ಟಿಗೆಗೆ ತಾಳ್ಮೆ ಕಲಿಸುವವರು ನೀವೇ ಆಗಿದ್ದರೆ, ಕಂತು ತಪ್ಪಿದ ಮನೆಯ ದೀಪವನ್ನು ಎಷ್ಟು ದಿನ ಉರಿಯಲು ಬಿಡುತ್ತಿದ್ದಿರಿ? ಆ ದಿನಗಳ ದುಡ್ಡನ್ನು ಯಾರು ಕೊಡಬೇಕು? ಅಜ್ಜ ಅಜ್ಜಿಯರ ಜೊತೆ ಚರ್ಚೆ ಮಾಡಿ ನನಗೆ ಬರೆಯಿರಿ. ಇಬ್ಬರ ಉತ್ತರ ಬೇರೆ ಬೇರೆಯಾದರೆ ಎರಡನ್ನೂ ಕಳಿಸಿ.