ಇದೆಂಥ ಸಂದರ್ಶನ?



ಹೊಸ ಭಟ್ಟನೊಬ್ಬ ಹೊಟೇಲಿಗೆ ಕೆಲಸ ಕೇಳಿಕೊಂಡು ಬಂದರೆ ಧಣಿಗಳು ಏನು ಮಾಡುತ್ತಾರೆಂಬುದು ನಮಗೆಲ್ಲ ಗೊತ್ತು. ದೋಸೆಕಲ್ಲಿನ ಮುಂದೆ ನಿಲ್ಲಿಸಿ "ಹೂಂ, ಹೊಯ್ಯಿ" ಎನ್ನುತ್ತಾರೆ. ನಾಲ್ಕು ದೋಸೆ ಏಳುವುದರೊಳಗೆ ಅವನ ಯೋಗ್ಯತೆ ತಿಳಿಯುತ್ತದೆ. ಮಿಲ್ಲಿನಲ್ಲಿಯೂ ನೂಲು ಹರಿದಾಗ ಬದಲಿಯವನ ಬೆರಳು ಎಷ್ಟು ಬೇಗ ಗಂಟು ಹಾಕಿತೆಂದು ನೋಡುತ್ತಿದ್ದರೇ ಹೊರತು ಅವನ ಇಂಗ್ಲಿಷನ್ನಲ್ಲ. (ಜಾಬರನ ಕೈ ಬೆಚ್ಚಗೆ ಮಾಡಬೇಕಾಗುತ್ತಿತ್ತು, ಆ ಮಾತು ಬೇರೆ.)

ಮುಂಬಯಿಯ ಲೋವರ್ ಪರೇಲಿನಲ್ಲಿ ಆ ಮಿಲ್ಲುಗಳ ಜಾಗದಲ್ಲೇ ಇಂದು ಗಾಜಿನ ಕಚೇರಿಗಳು ಎದ್ದಿವೆ. 1982ರ ಮುಷ್ಕರದ ತರುವಾಯ ಬೀದಿಗೆ ಬಿದ್ದವರ ಮೊಮ್ಮಕ್ಕಳು, ಹೊಟೇಲು ನೌಕರರ ಮಕ್ಕಳು ಅಂಥ ಕಡೆ ಐ.ಟಿ. ಸಪೋರ್ಟ್ ಕೆಲಸಕ್ಕೆ ಅರ್ಜಿ ಹಾಕುತ್ತಾರೆ. ಕೆಲಸವೇನು? ಕಚೇರಿಯವರ ಕಂಪ್ಯೂಟರು ಕೆಟ್ಟರೆ, ಪ್ರಿಂಟರು ನಿಂತರೆ, ಪಾಸ್‌ವರ್ಡ್ ಮರೆತರೆ ಸರಿಪಡಿಸಿಕೊಡುವುದು. ಆದರೆ ಸಂದರ್ಶನದಲ್ಲಿ ಉಮೇದುವಾರನ ಮುಂದೆ ಒಂದು ಕೆಟ್ಟ ಪ್ರಿಂಟರನ್ನಾದರೂ ಇಡುತ್ತಾರೆಯೇ? ಇಲ್ಲ! "ನಿನ್ನ ಬಗ್ಗೆ ಹೇಳು." "ಐದು ವರ್ಷದ ಮೇಲೆ ಎಲ್ಲಿರುತ್ತೀ?" "ತಂದೆ ಏನು ಮಾಡುತ್ತಾರೆ?"

ತಂದೆ ಹೊಟೇಲಿನಲ್ಲಿದ್ದಾರೆ ಎಂದೊಡನೆ ಸಾಹೇಬರ ಮುಖ ಹೇಗೆ ಬದಲಾಗುತ್ತದೆಂದು ಹುಡುಗರು ನಮ್ಮ ಸಂಘದ ಕೋಣೆಗೆ ಬಂದು ಹೇಳುತ್ತಾರೆ. ಕೇಳಿ ಹೊಟ್ಟೆ ಉರಿಯುತ್ತದೆ. ರಿಪೇರಿಗೆ ಬಂದವನ ಅಪ್ಪ ಮೇಜು ಒರೆಸುತ್ತಾನೋ, ಬ್ಯಾಂಕಿನಲ್ಲಿ ಕೂರುತ್ತಾನೋ ಎಂದು ಪ್ರಿಂಟರು ವಿಚಾರಿಸುತ್ತದೆಯೇ?

"ಹಾಗಲ್ಲ, ಜನರೊಡನೆ ಇಂಗ್ಲಿಷಿನಲ್ಲಿ ವ್ಯವಹರಿಸಬೇಕಲ್ಲ" ಎನ್ನುತ್ತಾರೆ. ಒಪ್ಪಿದೆವು. ಹಾಗಾದರೆ ಆ ವ್ಯವಹಾರವನ್ನೇ ಪರೀಕ್ಷಿಸಿ. ಒಂದು ದೂರನ್ನು ಕೊಟ್ಟು ನಾಲ್ಕು ಸಾಲು ಬರೆಸಿ: ಏನು ಕೆಟ್ಟಿತ್ತು, ಏನು ಮಾಡಿದೆ, ಇನ್ನೇನು ಉಳಿದಿದೆ. ಅಷ್ಟು ಬಂದರೆ ಸಾಕು. ಕಾನ್ವೆಂಟಿನ ಉಚ್ಚಾರ ಏತಕ್ಕೆ?

ನೆಟ್ ಸಿಗದ ಕಂಪ್ಯೂಟರೊಂದನ್ನು ಮುಂದಿಡಿ. ಕೆಲಸ ಬಲ್ಲವನು ತಕ್ಷಣ ಕೈ ಹಾಕುವುದಿಲ್ಲ. ಯಾವಾಗಿನಿಂದ ನಿಂತಿತು, ಪಕ್ಕದವರದು ನಡೆಯುತ್ತಿದೆಯೇ ಎಂದು ಕೇಳುತ್ತಾನೆ. ಆಮೇಲೆ ಯಂತ್ರದ ಐ.ಪಿ. ವಿಳಾಸ ನೋಡುತ್ತಾನೆ. ಅದು 169.254 ಎಂದು ಶುರುವಾಗಿದ್ದರೆ, ವಿಳಾಸ ಹಂಚುವ ಸರ್ವರಿನಿಂದ ಉತ್ತರ ಬಂದಿಲ್ಲವೆಂದು ತಿಳಿದು ಅಲ್ಲಿಂದ ಹುಡುಕುತ್ತಾನೆ. ಏಳನೆಯ ಇಯತ್ತೆ ಓದಿದ ನನಗೆ ಇದನ್ನು ಹತ್ತು ನಿಮಿಷದಲ್ಲಿ ತಿಳಿಸಿಕೊಟ್ಟವನು ಮೂರು ಸಂದರ್ಶನಗಳಲ್ಲಿ ನಪಾಸಾದ ಹುಡುಗ!

ಇನ್ನೊಂದು. "ನಾನು ದೊಡ್ಡ ಸಾಹೇಬ, ಬೇಗ ಹೊಸ ಪಾಸ್‌ವರ್ಡ್ ಕೊಡು" ಎಂದು ಫೋನಿನಲ್ಲಿ ಗದರಿಸಿ ನೋಡಿ. ಹೆದರಿ ಕೊಟ್ಟವನನ್ನು ಬಿಡಿ, ಗುರುತು ಕೇಳಿದವನನ್ನು ಇಟ್ಟುಕೊಳ್ಳಿ. ಧಣಿಯ ಅಳಿಯ ಎಂದವನಿಗೆಲ್ಲ ಗಲ್ಲಾದ ಬೀಗದ ಕೈ ಕೊಡುವವನನ್ನು ಯಾವ ಹೊಟೇಲಿನಲ್ಲಾದರೂ ಇಡುತ್ತಾರೆಯೇ?

ಇದು ಹೊಟೇಲಿನವನ ಹಟವಷ್ಟೇ ಅಲ್ಲ. 1998ರಲ್ಲಿ ಶ್ಮಿಟ್ ಮತ್ತು ಹಂಟರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 85 ವರ್ಷಗಳ ಸಂಶೋಧನೆಯನ್ನು ಒಟ್ಟುಹಾಕಿ ನೋಡಿದರು. ಬಾಯಿಗೆ ಬಂದದ್ದನ್ನು ಕೇಳುವ ಸಂದರ್ಶನಕ್ಕಿಂತ ಕೆಲಸವನ್ನೇ ಮಾಡಿಸಿ ನೋಡುವುದು, ಎಲ್ಲರಿಗೂ ಒಂದೇ ಕ್ರಮದಲ್ಲಿ ಪ್ರಶ್ನೆ ಕೇಳುವುದು ಹೆಚ್ಚು ನಂಬಲರ್ಹವೆಂದು ಕಂಡಿತು. 2022ರಲ್ಲಿ ಸ್ಯಾಕೆಟ್ ಮತ್ತು ಸಂಗಡಿಗರು ಆ ಲೆಕ್ಕವನ್ನು ತಿದ್ದಿದರು. ಅಂಕೆಗಳು ತಗ್ಗಿದವು, ಆದರೂ ಮೊದಲ ಸ್ಥಾನ ಸಿಕ್ಕಿದ್ದು ಎಲ್ಲರಿಗೂ ಒಂದೇ ಕ್ರಮದಲ್ಲಿ ಕೇಳುವ ಸಂದರ್ಶನಕ್ಕೇ. ಕಲಿತ ಸಾಹೇಬರಿಗೆ ಇದು ತಿಳಿಯದೆ?

ನಮ್ಮವರಿಗೂ ಒಂದು ಮಾತು. ತಾಯಿಯ ಬಳೆ ಅಡವಿಟ್ಟು ಕ್ಲಾಸಿಗೆ ಫೀಸು ಕಟ್ಟಿ, ನೆಟ್‌ವರ್ಕಿನ ಏಳು ಪದರಗಳ ಹೆಸರನ್ನು ಮಗ್ಗಿಯಂತೆ ಒಪ್ಪಿಸಲು ಕಲಿತರೆ ಸಾಲದು. ಯಂತ್ರ ಬಿಚ್ಚಲು ಕೊಡದ ಕ್ಲಾಸಿಗೆ ದುಡ್ಡು ಕಟ್ಟಬೇಡಿ.

ಸಂದರ್ಶನಕ್ಕೆ ಹೋದವರು, ಗಂಡಾಗಲಿ ಹೆಣ್ಣಾಗಲಿ, ಅಲ್ಲಿ ಕೇಳಿದ ಪ್ರಶ್ನೆಗಳನ್ನೆಲ್ಲ ಅಂದೇ ಬರೆದು ಸಂಘದ ಕೋಣೆಗೆ ತಂದುಕೊಡಿ. ತಂದೆಯ ಕಸುಬು ಕೇಳಿದ್ದರೆ ಅದನ್ನೂ ಬರೆಯಿರಿ, ಕೇಳಿದವರ ಹುದ್ದೆಯ ಸಮೇತ. ಆ ಕಾಗದಗಳನ್ನು ಹಿಡಿದುಕೊಂಡೇ ನಾವು ಗುತ್ತಿಗೆದಾರರ ಬಾಗಿಲಿಗೆ ಹೋಗುವವರು.